ಬಕೆಟ್ಟಿನಲ್ಲಿ ಎರಡು ಕೈ

ಅಚ್ಚಿನ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಕೆಲಸ ನಡೆಯುವಾಗ ಈ ಬಾಗಿಲು ಹಾಕಬಾರದು ಎಂದು ಅದರ ಮೇಲೆಯೇ ಬರೆದು ಅಂಟಿಸಿದವಳು ನಾನು.

ತಟ್ಟಿದೆ.

“ಐದು ನಿಮಿಷ ಮೇಡಂ.” ಗುಂಡುಸೂಜಿಯ ದನಿ.

ಗುಂಡುಸೂಜಿ ನಮ್ಮ ಶಿಲ್ಪ ವಿಭಾಗದ ಕೊನೆಯ ವರ್ಷದ ಹುಡುಗಿ. ಸಣಕಲು ಮೈ, ಚುಚ್ಚುವ ಮಾತು. ಮೊದಲ ವಾರವೇ ಸಹಪಾಠಿಗಳು ಇಟ್ಟ ಹೆಸರು, ಅವಳೂ ಒಪ್ಪಿಕೊಂಡಿದ್ದಳು. ಐದು ನಿಮಿಷ ಕೊಡಿ ಎಂದು ಬೇಡುವ ಪೈಕಿಯಲ್ಲ.

“ಬಾಗಿಲು ಯಾಕೆ ಹಾಕ್ಕೊಂಡಿದೀಯ?”

“ಅಮ್ಮ ಬಂದಿದಾರೆ.”

“ಅಮ್ಮ ಬಂದ್ರೆ ಬಾಗಿಲು ಹಾಕ್ಬೇಕಾ?”

ಒಳಗೆ ಇನ್ನೊಂದು ದನಿ ಕೇಳಿತು. “ತೆಗಿಯೇ. ಮೇಷ್ಟ್ರನ್ನ ಹೊರಗೆ ನಿಲ್ಲಿಸ್ತಾರಾ? ನನಗೆ ಏಳಕ್ಕೆ ಆಗೋ ಹಾಗಿದ್ದಿದ್ರೆ ನಾನೇ ತೆಗೀತಿದ್ದೆ.”

ಏಳಕ್ಕೆ ಆಗೋ ಹಾಗಿದ್ದಿದ್ರೆ. ಆ ಮಾತು ನನಗೆ ಸರಿ ಕಾಣಲಿಲ್ಲ. ಮತ್ತೆ ತಟ್ಟಲಿಲ್ಲ, ಭುಜ ಕೊಟ್ಟು ನೂಕಿದೆ. ಹಳೆಯ ಚಿಲಕ, ಬಿಟ್ಟುಕೊಂಡಿತು.

ಮರುದಿನ ಕೊನೆಯ ವರ್ಷದವರ ಪ್ರದರ್ಶನ. ಹೊರಗಿನ ಪರೀಕ್ಷಕರು ಬಂದು ಅಂಕ ಕೊಡುವ ದಿನ. ‘ನಾನು ಎಲ್ಲಿಂದ ಬಂದೆ’ ಎಂಬ ಒಂದೇ ವಿಷಯವನ್ನು ಎಲ್ಲರಿಗೂ ಕೊಟ್ಟಿದ್ದೆವು. ಪಕ್ಕದ ಹಜಾರದಲ್ಲಿ ಆಗಲೇ ಕೆಲಸಗಳು ಸಾಲಾಗಿ ನಿಂತಿದ್ದವು. ಒಬ್ಬ ತನ್ನ ಅಪ್ಪನ ಮುಖವನ್ನು ಹನ್ನೊಂದು ಹಲಗೆಗಳ ಮೇಲೆ ಬಿಡಿಸಿ ಒಂದರಲ್ಲೂ ಬಾಯಿ ಬಿಡಿಸಿರಲಿಲ್ಲ. ಒಬ್ಬಳು ತಾನು ಚಿಕ್ಕಂದಿನಿಂದ ಬಿಟ್ಟುಬಂದ ಬಾಡಿಗೆ ಮನೆಗಳ ಬೀಗಗಳನ್ನು ಮೇಣದಲ್ಲಿ ಮಾಡಿದ್ದಳು, ಮುಟ್ಟಿದರೆ ಬೆರಳಗುರುತು ಉಳಿಯುತ್ತಿತ್ತು. ಲಾರಿ ಎಂದು ಎಲ್ಲರೂ ಕರೆಯುವ ದಢೂತಿ ಹುಡುಗ ತನ್ನ ಮೈತೂಕದಷ್ಟೇ ತೂಕದ ಮಣ್ಣಿನಲ್ಲಿ ಒಂದು ಎಳೆಕೂಸನ್ನು ಮಾಡಿ ಮಲಗಿಸಿದ್ದ. ಎಲ್ಲರ ಸಾಮಾನನ್ನೂ ಹೊತ್ತು ಹಾಕುವವನು ಅವನೇ. ಅವನ ಕೂಸನ್ನು ಮಾತ್ರ ಯಾರಿಂದಲೂ ಎತ್ತಲಾಗುತ್ತಿರಲಿಲ್ಲ.

ಗುಂಡುಸೂಜಿಯ ಜಾಗ ಖಾಲಿಯಿತ್ತು. ಬಿಳಿ ಬಣ್ಣ ಬಳಿದ ಒಂದು ಪೀಠ, ಅದರ ಮೇಲೆ ‘ಅಮ್ಮನ ಕೈ’ ಎಂಬ ಚೀಟಿ. ಅಷ್ಟೆ.

ಕೋಣೆಯೊಳಗೆ ಪುದೀನ ವಾಸನೆ. ಒಬ್ಬ ಹೆಂಗಸು ಮೋಟು ಮಣೆಯ ಮೇಲೆ ಕೂತು, ಬಟ್ಟೆ ಒಗೆಯುವವರ ಹಾಗೆ ಬಕೆಟ್ಟಿನ ಮೇಲೆ ಬಾಗಿದ್ದರು. ಎರಡೂ ಕೈ ಮಣಿಕಟ್ಟಿನ ಮೇಲಿನವರೆಗೆ ಬಕೆಟ್ಟಿನ ಬಿಳಿಯಲ್ಲಿ ಮುಳುಗಿದ್ದವು. ಮೈಮೇಲೆ ಹೊಲಿಗೆ ಕಾರ್ಖಾನೆಯ ನೀಲಿ ಮೇಲಂಗಿ. ಜೇಬಿನ ಅಂಚಿಗೆ ಚುಚ್ಚಿಟ್ಟ ಎರಡು ಸೂಜಿ, ತೋಳಿಗೆ ಅಂಟಿದ ದಾರದ ತುಣುಕುಗಳು.

“ಬನ್ನಿ ಮೇಡಂ,” ಎಂದರು ಆಕೆ. “ಕೂತೇ ಮಾತಾಡಿಸ್ತಿದೀನಿ, ಬೇಜಾರು ಮಾಡ್ಕೋಬೇಡಿ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನ ಕೈಯೇ ಮೊಸರಲ್ಲಿ ಹೂತುಹೋಗಿದೆ.”

ನಾನು ನಗಲಿಲ್ಲ. ಬಗ್ಗಿ ಆ ಬಿಳಿಯ ಮೇಲೆ ಉಗುರಿನಿಂದ ತಟ್ಟಿದೆ.

ಟಕ್ ಎಂದಿತು.

ಜೀವಂತ ಕೈಯ ಅಚ್ಚು ತೆಗೆಯಲು ನಾವು ಬಳಸುವುದು ಹಲ್ಲಿನ ಡಾಕ್ಟರು ಹಲ್ಲಿನ ಅಳತೆ ತೆಗೆಯುವ ಪುಡಿ. ನೀರಿನಲ್ಲಿ ಕಲಸಿದರೆ ರಬ್ಬರಿನಂತಾಗುತ್ತದೆ. ಎಳೆದರೆ ಕೈ ಬರುತ್ತದೆ. ಅದಕ್ಕೆ ಪುದೀನ ವಾಸನೆ, ವಿದ್ಯಾರ್ಥಿಗಳು ಹಲ್ಲುಪುಡಿ ಎನ್ನುತ್ತಾರೆ. ಉಗುರಿನಿಂದ ತಟ್ಟಿದರೆ ಅದು ಸದ್ದು ಮಾಡುವುದಿಲ್ಲ. ಸದ್ದು ಮಾಡುವುದು ಪ್ಲಾಸ್ಟರ್.

ಪ್ಲಾಸ್ಟರ್ ಗಟ್ಟಿಯಾಗುವಾಗ ತನ್ನಷ್ಟಕ್ಕೇ ಕಾಯುತ್ತದೆ. ತೆಳುವಾಗಿ ಹಚ್ಚಿದ್ದರೆ ಬೆಚ್ಚಗಾಗಿ ಆರುತ್ತದೆ. ಬಕೆಟ್ಟು ತುಂಬ ಇದ್ದರೆ ಒಳಗಿನ ಕಾವಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಮಾಂಸ ಬೇಯುವಷ್ಟು ಏರುತ್ತದೆ. ಮೊದಲ ವರ್ಷದ ಮೊದಲ ಪಾಠ ಇದು.

“ಬಿಸಿ ಆಗ್ತಿದೆಯಾ ಅಮ್ಮಾ?”

“ಏನಿಲ್ಲ. ಬೆಚ್ಚಗಿದೆ ಅಷ್ಟೆ. ದಿನವೆಲ್ಲಾ ಇಸ್ತ್ರಿ ಮೇಜಿನ ಪಕ್ಕ ಕೂರೋಳು ನಾನು.”

ಬಕೆಟ್ಟಿನ ಹೊರಮೈಗೆ ಅಂಗೈ ಇಟ್ಟೆ. ಏನೂ ತಿಳಿಯಲಿಲ್ಲ. ನನ್ನ ಗಂಡ ತೀರಿಹೋಗಿ ವರ್ಷ ದಾಟಿದೆ. ಅಂದಿನಿಂದ ಅಂಗೈಗೆ ಬಿಸಿ ತಣ್ಣಗೆ ತಡವಾಗಿ ತಿಳಿಯುತ್ತದೆ. ಡಾಕ್ಟರು ನರದಲ್ಲಿ ದೋಷವಿಲ್ಲ ಎಂದರು. ಕುದಿಯುವ ಟೀ ಲೋಟವನ್ನು ಬರಿಗೈಯಲ್ಲಿ ಹಿಡಿಯುತ್ತೇನೆಂದು ವಿದ್ಯಾರ್ಥಿಗಳು ನನ್ನನ್ನು ಇಕ್ಕಳ ಎನ್ನುತ್ತಾರೆ. ನನಗೆ ಅದು ಗೊತ್ತಿದೆ ಎಂದು ಅವರಿಗೆ ಗೊತ್ತಿಲ್ಲ.

ಅಂಗೈಯನ್ನು ನಂಬದೆ ಕೆನ್ನೆ ಒತ್ತಿದೆ. ಕೆನ್ನೆ ಹಿಂದೆ ಸರಿಯಿತು.

“ಇದು ಹಲ್ಲುಪುಡಿ ಅಲ್ಲ,” ಎಂದೆ.

“ಗೊತ್ತು ಮೇಡಂ.” ಗುಂಡುಸೂಜಿ ಗೋಡೆಗೆ ಒರಗಿ ನಿಂತಿದ್ದಳು.

“ಯಾವಾಗಿಂದ ಗೊತ್ತು?”

“ಕೈ ಇಡಿಸಿದ ಮೇಲೆ. ರಬ್ಬರ್ ಥರ ಆಗ್ಲಿಲ್ಲ. ಡಬ್ಬ ಅದೇ, ವಾಸನೆನೂ ಅದೇ… ವ್ಯಾಸಲೀನ್ ದಪ್ಪಕ್ಕೆ ಹಚ್ಚಿದೀನಿ. ಗಟ್ಟಿ ಆದ್ಮೇಲೆ ಜಾರಿ ಬರುತ್ತೆ ಅಂತ ಅಂದ್ಕೊಂಡೆ. ಅಮ್ಮಂಗೆ ರಜ ಸಿಕ್ಕಿರೋದು ಇದೊಂದು ಮಧ್ಯಾಹ್ನ.”

“ಬೆರಳು ಹೇಗೆ ಹಿಡಿಸಿದೀಯ?”

ಅವಳು ತನ್ನ ಕೈಗಳನ್ನು ಚಾಚಿ ತೋರಿಸಿದಳು. ಎಡಗೈ ಬಟ್ಟೆ ಒತ್ತಿ ಹಿಡಿದಂತೆ ಚಪ್ಪಟೆ. ಬಲಗೈಯ ಹೆಬ್ಬೆರಳು ತೋರುಬೆರಳು ಬಟ್ಟೆಯ ಅಂಚು ಹಿಡಿದಂತೆ ಕೂಡಿಕೊಂಡಿದ್ದವು. ಕೂಡಿದ ಬೆರಳುಗಳ ನಡುವೆ ಒಂದು ಬಳೆಯಂಥ ತೆರಪು. ಅದರೊಳಗೂ ಪ್ಲಾಸ್ಟರ್ ತುಂಬಿ ಕಲ್ಲಾಗುತ್ತಿದೆ. ಯಾವ ವ್ಯಾಸಲೀನಿಗೂ ಅದು ಜಾರುವುದಿಲ್ಲ.

“ಒಡೀಬೇಕು. ಈಗಲೇ.”

“ಒಡೆದ್ರೆ ನಾಳೆ ಇಡಕ್ಕೆ ನನ್ನ ಹತ್ರ ಏನೂ ಇರಲ್ಲ ಮೇಡಂ.”

“ಒಡೀಬೇಡಿ,” ಎಂದರು ತಾಯಿ. “ತಡ್ಕೋತೀನಿ. ಇನ್ನೆಷ್ಟು ಹೊತ್ತು ಇರುತ್ತೆ ಇದು? ಇವಳನ್ನ ಹೆರುವಾಗ ತಡ್ಕೊಂಡಿಲ್ವಾ?”

“ನಾಳೆ ಯಾವ ಕೈಯಲ್ಲಿ ಹೊಲೀತೀರಿ ಅಮ್ಮಾ?”

ಆಕೆ ಮಗಳ ಮುಖ ನೋಡಿದರು. ನಾನು ಬಾಗಿಲ ಕಡೆ ತಿರುಗಿ ಲಾರಿಯನ್ನು ಕೂಗಿದೆ.

ಅವನು ಬಂದವನು ಮೊದಲು ಬಕೆಟ್ಟು ನೋಡಿದ, ಆಮೇಲೆ ಕಪಾಟಿನ ಮೇಲೆ ಬಾಯ್ದೆರೆದು ಕೂತಿದ್ದ ಡಬ್ಬ ನೋಡಿದ. ಅವನ ಮುಖ ಬಿಳಿಚಿತು.

“ಅದರಲ್ಲಿ ಪ್ಲಾಸ್ಟರ್ ತುಂಬಿಟ್ಟಿದ್ದು ನಾನು. ಡಬ್ಬ ಖಾಲಿ ಇತ್ತು. ಮುಚ್ಚಳ ಬಿಗಿ ಇದೆ, ಥಂಡಿ ಹಿಡಿಯಲ್ಲ ಅಂತ…”

“ಆಮೇಲೆ ಅಳು. ಈಗ ನೀರು ತಾ. ಗರಗಸ, ಅಗಲ ಬಾಯಿ ಉಳಿ, ಮರದ ಬೆಣೆ. ಆಂಬುಲೆನ್ಸಿಗೆ ಫೋನ್ ಮಾಡು.”

ಬಕೆಟ್ಟಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಮೇಲಿಂದ ಕೆಳಗೆ ಸೀಳಿದೆ. ಸಿಪ್ಪೆಯಂತೆ ಬಿಚ್ಚಿಬಂತು. ಬಿಳಿ ದಿಮ್ಮಿ ಉಳಿಯಿತು, ಹೊರಗೆ ಬೆವರುತ್ತಿತ್ತು. ಲಾರಿ ತಣ್ಣೀರು ಸುರಿದ. ನೀರು ಕೆಳಗೆ ಬೀಳುವಷ್ಟರಲ್ಲಿ ಬೆಚ್ಚಗಾಗಿತ್ತು ಎಂದು ಅವನೇ ಹೇಳಿದ.

“ಆಂಬುಲೆನ್ಸ್ ತಡ ಆಗುತ್ತಂತೆ. ರಸ್ತೆ ಜಾಮ್ ಆಗಿದೆಯಂತೆ,” ಎಂದ. ಆಮೇಲೆ ಹೆಂಗಸಿನ ಮೇಲಂಗಿಯತ್ತ ನೋಡಿ, ಗುಂಡುಸೂಜಿಯ ಕಡೆ ತಿರುಗಿ, ಆ ಹೊತ್ತಿನಲ್ಲಿ ಆಡಬಾರದ ಮಾತು ಆಡಿದ. “ನಿಮ್ಮಮ್ಮಂದು ಬಟ್ಟೆ ಅಂಗಡಿ ಅಂದಿದ್ದೆ ಅಲ್ವಾ?”

ಗುಂಡುಸೂಜಿ ನೆಲ ನೋಡಿದಳು. ಬಾಗಿಲು ಹಾಕಿದ್ದು ಯಾಕೆಂದು ನನಗೆ ಆಗ ತಿಳಿಯಿತು.

“ಅಂಗಡಿನಾ? ನಂದಾ?” ತಾಯಿ ನಿಜಕ್ಕೂ ನಕ್ಕರು. “ಎಷ್ಟು ದೊಡ್ಡದೇ? ಗಾಜಿನ ಬಾಗಿಲಿದೆಯಾ? ಅಂಗಡಿ ಇದ್ದಿದ್ರೆ ನಾನು ಬಕೆಟ್ಟಲ್ಲಿ ಕೈಯಿಟ್ಟು ಕೂರ್ತಿದ್ನಾ, ಆಳು ಕಳಿಸ್ತಿದ್ದೆ.”

ನಗುವಿನ ಮಧ್ಯೆ ತುಟಿ ಕಚ್ಚಿಕೊಂಡರು. ಹಣೆಯಲ್ಲಿ ಬೆವರು ಮೂಡಿತು.

ಗರಗಸ ಹಿಡಿದು ನಿಂತೆ. ದಿಮ್ಮಿ ಇನ್ನೂ ಹಸಿ ಸಾಬೂನಿನ ಹದದಲ್ಲಿತ್ತು, ಕುಯ್ಯಬಹುದಿತ್ತು. ಎಲ್ಲಿ ಎನ್ನುವುದು ತೊಡಕು. ಒಳಗೆ ಬೆರಳು ಎಲ್ಲಿದೆ, ಗೆಣ್ಣು ಎಲ್ಲಿದೆ, ಒಂದೂ ಕಾಣದು. ತಡವಾದರೆ ಬೇಯುತ್ತದೆ, ತಪ್ಪಿದರೆ ತುಂಡಾಗುತ್ತದೆ.

ಗುಂಡುಸೂಜಿಯ ಕೈಗೆ ಇದ್ದಿಲಿನ ಕಡ್ಡಿ ಕೊಟ್ಟೆ.

“ಈ ಕೈನ ಎಷ್ಟು ಸಲ ಬಿಡಿಸಿದೀಯ?”

“ವರ್ಷವೆಲ್ಲಾ ಅದೇ ಬಿಡಿಸಿದೀನಿ.”

“ಇದರ ಮೇಲೆ ಬಿಡಿಸು. ಒಳಗೆ ಇರೋದು ಇರೋ ಜಾಗದಲ್ಲೇ. ಅಂದ ಬೇಡ. ಅಳತೆ ಬೇಕು.”

ಅವಳು ದಿಮ್ಮಿಯ ಮುಂದೆ ಮಂಡಿಯೂರಿದಳು. ಕಡ್ಡಿ ಮೊದಲ ಗೆರೆಗೇ ಮುರಿಯಿತು.

“ನಡುಗಬೇಡ್ವೇ,” ಎಂದರು ತಾಯಿ ಹಲ್ಲು ಕಚ್ಚಿಕೊಂಡೇ.

ಮುರಿದ ತುಂಡಿನಲ್ಲೇ ಅವಳು ಬಿಡಿಸಿದಳು. ಮಣಿಕಟ್ಟಿನಿಂದ ಇಳಿದು ಎಡ ಅಂಗೈ, ಹೆಬ್ಬೆರಳಿನ ಬುಡ, ನಾಲ್ಕು ಬೆರಳು. ಆ ಕಡೆಗೆ ಸುತ್ತಿಹೋಗಿ ಬಲಗೈ, ಕೂಡಿದ ಎರಡು ಬೆರಳು, ಸೂಜಿ ಹೊಕ್ಕು ಹೊರಬಂದ ಹಳೆಯ ಕಲೆ ಕೂಡ ಬಿಟ್ಟಿರಲಿಲ್ಲ. ಎಷ್ಟು ಆಳ ಎಂದು ನಾನು ಕೇಳಿದಲ್ಲೆಲ್ಲ ತನ್ನ ಬೆರಳಿಟ್ಟು ಅಳತೆ ಹೇಳಿದಳು. ಒದ್ದೆ ಬಿಳಿಯ ಮೇಲೆ ಕಪ್ಪು ಗೆರೆ ಹರಡುತ್ತಿತ್ತು. ಈ ಕಾಲೇಜಿನಲ್ಲಿ ನಾನು ಎಷ್ಟೋ ಕೈಗಳ ಚಿತ್ರ ನೋಡಿದ್ದೇನೆ. ಅಂಥದ್ದನ್ನು ನೋಡಿಲ್ಲ.

ತಾಯಿ ಬಗ್ಗಿ ನೋಡಿದರು. “ನನ್ನವೇ,” ಎಂದರು.

ಅದರ ಮೇಲೆ ಗರಗಸ ಇಟ್ಟೆ.

ಮೊದಲು ಎರಡು ಕೈಗಳ ನಡುವೆ. ಲಾರಿ ದಿಮ್ಮಿಯನ್ನು ತೊಡೆಗಳ ನಡುವೆ ಅಮುಕಿ ಹಿಡಿದ. ಆಳಕ್ಕೆ ಹೋದ ಮೇಲೆ ಬೆಣೆ ಇಟ್ಟು ಹೊಡೆದೆ. ಲಟ್ ಎಂದು ದಿಮ್ಮಿ ಎರಡಾಯಿತು. ಎಡಗೈಯ ಭಾಗ ಸುಲಭ, ಚಪ್ಪಟೆ ಕೈ. ಅಂಚಿನ ಗುಂಟ ಗೀರಿ, ಉಳಿ ತಿರುವಿದಾಗ ಎರಡು ಹೋಳಾಗಿ ಬಿಟ್ಟುಕೊಂಡಿತು. ಕೈ ಹೊರಬಂತು. ಕೆಂಪಗೆ, ವ್ಯಾಸಲೀನಿನಿಂದ ಮಿರಿಮಿರಿ. ಗುಂಡುಸೂಜಿ ಅದನ್ನು ಹಿಡಿದು ತಣ್ಣೀರಿನ ತೊಟ್ಟಿಯಲ್ಲಿ ಇಟ್ಟಳು.

“ಮಾತಾಡ್ತಿರಿ ಅಮ್ಮಾ,” ಎಂದೆ.

“ಏನ್ ಮಾತಾಡ್ಲಿ ಕಣಮ್ಮಾ.” ಆಕೆಯ ಕಣ್ಣಲ್ಲಿ ನೀರಿತ್ತು. “ಉರೀತಿದೆ.”

ಆಕೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗುಂಡುಸೂಜಿ ತಲೆ ಎತ್ತಲಿಲ್ಲ.

ಬಲಗೈಯ ದಿಮ್ಮಿ ಅಷ್ಟರಲ್ಲಿ ಸಾಬೂನಾಗಿ ಉಳಿದಿರಲಿಲ್ಲ. ಗರಗಸ ಜಾರುತ್ತಿತ್ತು. ಹೊರಗಿನದನ್ನು ಉಳಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸಿದೆ. ಒಂದು ಬೆರಳಿನಷ್ಟು ದಪ್ಪ ಉಳಿದಾಗ ಸುತ್ತಿಗೆಯ ಹಿಡಿತ ಬದಲಿಸಿದೆ. ಇನ್ನು ಒಂದೇ ಜಾಗ, ಅಂಗೈಯ ಹೊರ ಅಂಚು. ಚಿತ್ರದಲ್ಲಿ ಕಿರುಬೆರಳು ನೇರ ಕೆಳಗಿಳಿದಿತ್ತು. ಅದರ ಈಚೆಗೆ ಖಾಲಿ. ಉಳಿಯನ್ನು ಆ ಖಾಲಿಗೆ ನೆಟ್ಟು ಸುತ್ತಿಗೆ ಎತ್ತಿದೆ.

“ತಡೀರಿ,” ಎಂದರು ತಾಯಿ.

“ಏನು?”

“ಆ ಬೆರಳು ಹಾಗಿಲ್ಲ.”

ಸುತ್ತಿಗೆ ಗಾಳಿಯಲ್ಲೇ ನಿಂತಿತು.

“ಹೊರಗಡೆ ಮಡಚಿದೆ. ನೀವು ಉಳಿ ಇಟ್ಟಿರೋ ಕಡೆಗೇ ಇದೆ. ಆ ಕಡೆ ತಣ್ಣಗೆ ತಗುಲ್ತಿದೆ, ಉಳಿಯ ತುದಿನೇ ಇರ್ಬೇಕು.”

“ನೇರ ಇಡು ಅಂದಿದ್ದೆ ಅಲ್ವಾ ಅಮ್ಮ,” ಎಂದಳು ಗುಂಡುಸೂಜಿ. ದನಿ ಒಡೆದಿತ್ತು.

“ಇಟ್ಟಿದ್ದೆ. ಆಮೇಲೆ ತಾನಾಗೇ ಮಡಚ್ಕೊಂಡ್ತು. ಅಲ್ಲಾಡಬೇಡ ಅಂದಿದ್ದೆ ನೀನು, ಅದಕ್ಕೇ ಹೇಳ್ಲಿಲ್ಲ.”

ಲಾರಿ ಉಸಿರು ಬಿಟ್ಟ. “ಇಕ್ಕಳ ಮೇಡಂ, ಆ ಕಡೆಯಿಂದ…” ಎಂದು ಶುರು ಮಾಡಿ ಹೆಸರು ಬಾಯಿಗೆ ಬಂದದ್ದು ತಿಳಿದು ನಾಲಿಗೆ ಕಚ್ಚಿಕೊಂಡ.

“ಆ ಕಡೆಯಿಂದ,” ಎಂದೆ ನಾನು.

ಉಳಿಯನ್ನು ಹೆಬ್ಬೆರಳಿನ ಕಡೆಗೆ ಒಯ್ದೆ. ಅಲ್ಲಿ ತೆರಪು ಕಡಿಮೆ, ಚರ್ಮಕ್ಕೂ ಕಬ್ಬಿಣಕ್ಕೂ ನಡುವೆ ಉಗುರು ಹಿಡಿಸುವಷ್ಟೇ ಜಾಗ. ಹೊಡೆಯಲಿಲ್ಲ. ಒತ್ತಿ ತಿರುವಿದೆ. ಉಳಿ ಜಾರಿ ನನ್ನ ಎಡ ಅಂಗೈಗೆ ಕಚ್ಚಿತು. ಮತ್ತೆ ನೆಟ್ಟು ತಿರುವಿದೆ. ಬಿರುಕು ಬಂತು. ಬಿರುಕಿಗೆ ಲಾರಿ ನೀರು ಬಿಟ್ಟ. ಕೂಡಿದ ಬೆರಳುಗಳ ನಡುವಿನ ಗಟ್ಟಿ ತುಂಡನ್ನು ಗುಂಡುಸೂಜಿ ತನ್ನ ಉಗುರಿನಿಂದಲೇ ಕಿತ್ತಳು. ಕೊನೆಗೆ ಕಿರುಬೆರಳು. ಅದರ ಮೇಲೆ ಅಂಟಿದ್ದ ಹೋಳು ಬಿದ್ದಾಗ ತಾಯಿ ಕೂಗಲಿಲ್ಲ, ಮಗಳ ಭುಜಕ್ಕೆ ಹಣೆ ಒತ್ತಿದರು.

ಬೆರಳು ಬಿಳಿಚಿತ್ತು. ತುದಿಯಲ್ಲಿ ಬೊಬ್ಬೆ ಎದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಆಕೆಯ ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಮುಟ್ಟಿಸಲು ಹೇಳಿದರು. ಮುಟ್ಟಿಸಿದರು. ಎಲ್ಲ ಬೆರಳೂ ಆಡಿದವು. ಸೂಜಿಯ ತುದಿ ತಾಗಿಸಿ, ಗೊತ್ತಾಗುತ್ತಿದೆಯೇ ಎಂದು ಕೇಳಿದರು. ಕಿರುಬೆರಳಿನ ತುದಿಯಲ್ಲಿ ಗೊತ್ತಾಗಲಿಲ್ಲ.

“ಬರಬಹುದು. ನಿಧಾನ ಆಗುತ್ತೆ,” ಎಂದರು ಡಾಕ್ಟರು. “ಚರ್ಮ ಮಾಯೋವರೆಗೂ ಮೆಷಿನ್ ಮುಟ್ಟಬೇಡಿ.”

“ಬರದಿದ್ರೂ ಪರವಾಗಿಲ್ಲ,” ಎಂದರು ಆಕೆ. “ಸೂಜಿ ಚುಚ್ಚಿದ್ರೆ ಗೊತ್ತಾಗಲ್ವಲ್ಲ. ನಮ್ಮ ಕೆಲಸಕ್ಕೆ ಲಾಭವೇ.” ಯಾರೂ ನಗಲಿಲ್ಲ. ಆಮೇಲೆ ಗೋಡೆಗೆ ಹೇಳುವವರ ಹಾಗೆ ಹೇಳಿದರು. “ಜಾಗ ಖಾಲಿ ಬಿಟ್ರೆ ಸೂಪರ್ವೈಸರ್ ಬೇರೆಯೋರನ್ನ ಕೂರಿಸ್ತಾನೆ.”

ಗುಂಡುಸೂಜಿ ಕೇಳಿಸಿಕೊಂಡಳು. ಬ್ಯಾಂಡೇಜು ಸುತ್ತಿದ ಆ ಕೈಗಳನ್ನು ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಲಾರಿ ಒಡೆದ ಹೋಳುಗಳನ್ನೆಲ್ಲ ಒರೆಸಿ ಒಂದು ತಟ್ಟೆಯಲ್ಲಿ ಜೋಡಿಸಿ ತಂದಿದ್ದ. ಒಳಮೈಯಲ್ಲಿ ಆಕೆಯ ಅಂಗೈ ಗೆರೆಗಳು, ಉಗುರಿನ ಅಂಚು, ಹೊರಮೈಯಲ್ಲಿ ತುಂಡಾದ ಇದ್ದಿಲಿನ ಗೆರೆ. ಗುಂಡುಸೂಜಿಯ ಬಿಳಿ ಪೀಠದ ಮೇಲೆ ಇಡಲು ಹೋದವನನ್ನು ಅವಳ ಫೋನು ತಡೆದಿತ್ತಂತೆ.

“ಇಡಬೇಡ ಅಂದ್ಲು ಮೇಡಂ. ‘ಇಟ್ರೆ ಚೆನ್ನಾಗಿ ಕಾಣುತ್ತೆ, ಅದಕ್ಕೇ ಇಡಬೇಡ’ ಅಂದ್ಲು. ಇದೇನು ಮಾತು ಹೇಳಿ.”

“ಅವಳೆಲ್ಲಿ?”

“ಹೋದ್ಲು. ನಮ್ಮ ಗೇಟಿನ ಮುಂದೇನೇ ನಡ್ಕೊಂಡು ಹೋದ್ಲು.” ಅವನು ಒಂದು ಗಳಿಗೆ ತಡೆದ. “ಅವರಮ್ಮನ ನೀಲಿ ಅಂಗಿ ಹಾಕ್ಕೊಂಡಿದ್ಲು. ಎಲ್ರೂ ಅಲ್ಲೇ ನಿಂತಿದ್ವಿ. ತಲೆ ತಗ್ಗಿಸ್ಲಿಲ್ಲ.”

ಪರೀಕ್ಷಕರು ಬಾಯಿಲ್ಲದ ಅಪ್ಪನ ಮುಂದೆ ಬಹಳ ಹೊತ್ತು ನಿಂತರು. ಲಾರಿಯ ಕೂಸನ್ನು ಎತ್ತಲು ಹೋಗಿ ಸೋತು ನಕ್ಕರು. ಆಮೇಲೆ ಖಾಲಿ ಪೀಠದ ಮುಂದೆ ಬಂದರು.

“ಇದು ಖಾಲಿ ಇರೋದೇ ಕಲಾಕೃತಿಯಾ?” ಎಂದರು. ಅಂಥದ್ದನ್ನು ಅವರು ಎಷ್ಟೋ ನೋಡಿರಬೇಕು.

“ಅಲ್ಲ ಸರ್. ವಿದ್ಯಾರ್ಥಿನಿ ಬಂದಿಲ್ಲ.”

“ಪರೀಕ್ಷೆ ದಿನ ಬಂದಿಲ್ವಾ?”

“ಕೆಲಸಕ್ಕೆ ಹೋಗಿದಾಳೆ.”

ಅವರು ಗೈರುಹಾಜರಿ ಎಂದು ಗುರುತು ಹಾಕಿಕೊಂಡು ಮುಂದೆ ಹೋದರು. ಇನ್ನು ಅವಳಿಗೆ ಮರುಪರೀಕ್ಷೆಯೇ ಗತಿ. ನಾನು ವಾದ ಮಾಡಲಿಲ್ಲ. ಅಂಗೈಯ ಗಾಯ ಬೆಳಿಗ್ಗೆಯಿಂದ ಚುರುಚುರು ಎನ್ನುತ್ತಿತ್ತು.

ಸಂಜೆ ಪರೀಕ್ಷಕರು ಹೋದ ಮೇಲೆ ಲಾರಿ ಅಚ್ಚಿನ ಕೋಣೆಗೆ ಟೀ ತಂದುಕೊಟ್ಟ. ಲೋಟ ಹಿಡಿದೆ. ಮೇಜಿನ ಮೇಲಿಟ್ಟು ಆರಲು ಬಿಟ್ಟೆ. ಅವನು ನೋಡಿದ. ಡಬ್ಬದ ಮೇಲೆ ಪ್ಲಾಸ್ಟರ್ ಎಂದು ದೊಡ್ಡದಾಗಿ ಬರೆಯುತ್ತಿದ್ದ.

ಆಗ ಗುಂಡುಸೂಜಿ ಬಂದಳು. ಅಂಗಿ ಅವಳಿಗೆ ಎರಡು ಪಟ್ಟು ದೊಡ್ಡದು, ತೋಳು ಮಡಚಿದ್ದಳು. ಕೂದಲಲ್ಲಿ ಬಟ್ಟೆಯ ನಾರು.

“ಕೂರಿಸಿದ್ರಾ?” ಎಂದೆ.

“ಕೂರಿಸಿದ್ರು. ಕಾಲರ್ ಎಲ್ಲಾ ಸೊಟ್ಟ ಬಂತು, ಮೂರು ಸಲ ಬಿಚ್ಚಿಸಿದ್ರು. ‘ಓದಿರೋ ಕೈ, ಕತ್ತರಿಗೂ ಬೇಡ ಸೂಜಿಗೂ ಬೇಡ’ ಅಂದ್ರು ಪಕ್ಕದ ಆಂಟಿ.” ಅವಳು ನಕ್ಕಳು, ಆಮೇಲೆ ನಗು ಬಿಟ್ಟಳು. “ಮೇಡಂ, ಒಂದು ತೋರಿಸ್ಲಾ?”

ನನ್ನ ಮೇಜಿನ ಅಂಚಿಗೆ ಬಂದು ಬಟ್ಟೆ ಹಿಡಿದವಳಂತೆ ಎರಡೂ ಕೈ ಇಟ್ಟಳು. ಎಡಗೈ ಚಪ್ಪಟೆ. ಬಲಗೈಯ ಎರಡು ಬೆರಳು ಕೂಡಿದ್ದವು. ಕಾಣದ ಬಟ್ಟೆಯನ್ನು ಮುಂದಕ್ಕೆ ನೂಕಿದಳು. ಅವಳ ಕಿರುಬೆರಳು ತಾನಾಗಿ ಹೊರಗೆ ಮಡಚಿಕೊಂಡಿತು.

“ಮಡಚದಿದ್ರೆ ಬಟ್ಟೆಯ ಅಂಚು ಅದರ ಮೇಲೇ ಓಡುತ್ತೆ. ಮಧ್ಯಾಹ್ನದ ಹೊತ್ತಿಗೆ ಸುಲಿದುಹೋಗುತ್ತೆ.” ಸುಲಿದ ಜಾಗ ತೋರಿಸಿದಳು. “ಅಲ್ಲಿ ಎಲ್ಲರ ಬೆರಳೂ ಹಾಗೇ ಇದೆ. ನಾನು ಅಮ್ಮನ ಕೈ ಬಿಡಿಸಿದ್ದು ಎಲ್ಲಾ ಮನೇಲಿ. ಸುಮ್ನೆ ಕೂರು ಅಂತ ಕೂರಿಸಿ ಬಿಡಿಸಿದ್ದು. ಕೆಲಸ ಮಾಡೋವಾಗ ಒಂದು ದಿನಾನೂ ನೋಡೇ ಇರ್ಲಿಲ್ಲ.”

ಲಾರಿ ಬರೆಯುವುದನ್ನು ನಿಲ್ಲಿಸಿದ್ದ.

“ಮಣ್ಣಿದೆಯಾ ಮೇಡಂ?”

ಒದ್ದೆ ಗೋಣಿ ಸರಿಸಿ ಮಣ್ಣು ತೋರಿಸಿದೆ. ಅವಳು ಎರಡೂ ಕೈಯಲ್ಲಿ ಬಾಚಿಕೊಂಡು ಹಲಗೆಯ ಮೇಲೆ ಹಾಕಿದಳು. ಲಾರಿ ಎದ್ದು ಬಾಗಿಲ ಕಡೆ ನಡೆದ.

“ಹಾಕ್ಲಾ? ಹಜಾರದಲ್ಲಿ ಇನ್ನೂ ಜನ ಇದಾರೆ.”

“ಬೇಡ, ಬಿಡು,” ಎಂದಳು ಗುಂಡುಸೂಜಿ. ನೀಲಿ ಅಂಗಿಯ ತೋಳನ್ನು ಇನ್ನೊಂದು ಸುತ್ತು ಮೇಲಕ್ಕೆ ಮಡಚಿ, ಬಾಗಿಲಿಗೆ ಎದುರಾಗಿ ಕೂತು, ಕಿರುಬೆರಳಿನಿಂದ ಶುರು ಮಾಡಿದಳು.